ಬಾಗಿಲನ್ನು ಪರಿಚಯಿಸುವವನು

ಓರಿನ್‌ನ ಗೆಳೆಯ ವರ್ಲಿನ್ ಏಣಿ ಹೊತ್ತು ಹೊರಟನೆಂದರೆ, ಒಹಾಯೊದ ಆ ಬೀದಿಗೆ ಹೊಸ ಕಾರು ಬಂದಿದೆ ಎಂದೇ ಅರ್ಥ. ಹಿಮದಲ್ಲಿ ಇಳಿಯದೆ ಕೂತಲ್ಲಿಂದಲೇ ಗ್ಯಾರೇಜು ತೆರೆಯಬೇಕಾದರೆ, ಕಾರಿನ ಕನ್ನಡಿಯಲ್ಲಿರುವ ಗುಂಡಿಗೆ ಗ್ಯಾರೇಜಿನ ಬಾಗಿಲನ್ನು ಪರಿಚಯಿಸಬೇಕು. ಅದು ಒಬ್ಬರ ಕೆಲಸವಲ್ಲ. ಬಾಗಿಲೆತ್ತುವ ಮೋಟಾರು ಚಾವಣಿಯಲ್ಲಿರುತ್ತದೆ; ಏಣಿ ಹತ್ತಿ ಅದರ ಗುಂಡಿ ಒತ್ತಿ, ಇಳಿದು ಕಾರಿಗೆ ಓಡುವಷ್ಟರಲ್ಲಿ ಮೋಟಾರು ಎಲ್ಲವನ್ನೂ ಮರೆತಿರುತ್ತದೆ. ಬೀದಿಯ ಗಂಡಸರು ಓಡಿ ಸೋತು, ಮೊಣಕಾಲು ತರಚಿಕೊಂಡ ಮೇಲೆಯೇ ಅವನನ್ನು ಕರೆಯುತ್ತಿದ್ದರು. “ಓಟ ಮುಗೀತೇನಪ್ಪಾ?” ಎಂದು ನಗುತ್ತ ಅವನು ಏಣಿ ಹತ್ತುತ್ತಿದ್ದ. ಮೇಲಿನಿಂದಲೇ ಕಾರಿನಲ್ಲಿ ಕೂತವನಿಗೆ ಕೂಗುತ್ತಿದ್ದ: “ಈಗ ಒತ್ತು! ಹೆದರ್ಕೋಬೇಡ, ಬಾಗಿಲು ಕಣೋ, ನಿಮ್ಮತ್ತೆ ಅಲ್ಲ!” ಬಾಗಿಲು ಗಡಗಡನೆ ಎದ್ದರೆ, ಹಡಗನ್ನು ನೀರಿಗಿಳಿಸಿದವನಂತೆ ಟೋಪಿ ತೆಗೆದು ನಿಲ್ಲುತ್ತಿದ್ದ. ಮನೆಯವರು ಕೊಟ್ಟ ಸೇಬಿನ ಪೈಯನ್ನು ಏಣಿಯ ಮೆಟ್ಟಿಲಲ್ಲೇ ಕೂತು ತಿನ್ನುತ್ತಿದ್ದ. ಮಾರಿದ ಕಾರುಗಳ ಗುಂಡಿಯಿಂದ ಹಳೆಯ ಮನೆಯ ಬಾಗಿಲಿನ ನೆನಪನ್ನು ಅಳಿಸುವುದೂ ಅವನದೇ ಕೆಲಸ. ಓರಿನ್‌ನ ಹೆಂಡತಿ ಮಾರ್ಲಾ ಮುನಿದು ಮನೆ ಬಿಟ್ಟಾಗ, ಅವಳ ಕಾರಿನಿಂದಲೂ ನಮ್ಮ ಬಾಗಿಲನ್ನು ಅಳಿಸಿಬಿಡು ಎಂದು ಓರಿನ್ ಹೇಳಿದ್ದ. ವರ್ಲಿನ್ ಸುಮ್ಮನೆ ತಲೆಯಾಡಿಸಿದ್ದ. ಮುಂದೆ ವರ್ಲಿನ್ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಓರಿನ್ ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದಾಗ, ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದಾಯಿತು. ಹೋಗಿ ನೋಡಿದರೆ ಹೊರಗೆ ಮಾರ್ಲಾಳ ಕಾರು. “ಅಳಿಸ್ಲೇ ಇಲ್ವಾ ಅವನು?” ಎಂದ ಓರಿನ್. “ಅಳಿಸ್ಲಾ ಅಂತ ನನ್ನ ಕೇಳ್ದ. ಬೇಡ ಅಂದೆ. ಸರಿ ತಾಯಿ, ಆ ಕೋಪಿಷ್ಠನಿಗೆ ಹೇಳೋದು ಬೇಡ ಅಂದ,” ಎಂದಳು ಮಾರ್ಲಾ, ಅತ್ತು ಕೆಂಪಾದ ಕಣ್ಣಲ್ಲೇ ನಕ್ಕು. ಓರಿನ್ ಹುಲ್ಲು ಕತ್ತರಿಸುವ ಯಂತ್ರವನ್ನು ಗೋಡೆಯ ಕಡೆ ತಳ್ಳಿ, ಅವಳ ಕಾರಿಗೆ ಜಾಗ ಮಾಡಿದ.