ತೆಂಗಿನ ದಿಮ್ಮಿ ಎಲ್ಲಿ ಮುರಿಯುತ್ತದೆ

ಧನಗೆರೆಯ ನಿಂಗರಾಜು ಇಪ್ಪತ್ತೆರಡು ವರ್ಷದಿಂದ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆ. ತೊಲೆಯ ಮೇಲೆ ಭಾರ ಬಿದ್ದರೆ ಅದು ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎನ್ನುವುದು ಅವರ ವಿಷಯ. ಕೊಳ್ಳೇಗಾಲದ ಸುತ್ತಮುತ್ತ ಎದ್ದಿರುವ ಎಷ್ಟೋ ತಾರಸಿಗಳ ಹಿಂದೆ ಅವರ ಶಿಷ್ಯರಿದ್ದಾರೆ. ಇದುವರೆಗೆ ಒಂದೂ ಬಿದ್ದಿಲ್ಲ. ನಾನು ಅದೇ ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ನನ್ನ ಗಣಿತದಿಂದ ಏನೂ ಎದ್ದಿಲ್ಲವಾದ್ದರಿಂದ ಬೀಳುವ ಭಯವೂ ಇಲ್ಲ.

ನಿಂಗರಾಜು ಪಾಠವೆಂದರೆ ಅವರ ಗಂಟಲು. ಒಂದು ಗಂಟೆ ಬಿಡುವಿಲ್ಲದೆ ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ನನ್ನ ಮುಂದೆ ಕೂತವರೂ ಗಣಿತದ ಪುಸ್ತಕದಲ್ಲಿ ಅವರ ನೋಟ್ಸ್ ಬರೆದುಕೊಂಡದ್ದುಂಟು. ಅವರನ್ನು ಬೈಯುವ ಹಾಗಿರಲಿಲ್ಲ, ನನ್ನ ಮಾತಿಗಿಂತ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಈ ವರ್ಷ ನಮಗೆಲ್ಲ ಮೂರು ದಿನದ ತರಬೇತಿಯಾಯಿತು. ಮೇಷ್ಟ್ರು ಇನ್ನು ಕಡಿಮೆ ಮಾತನಾಡಬೇಕು, ಮಕ್ಕಳು ಗುಂಪಾಗಿ ಕೂತು ತಾವೇ ಮಾಡಿ ನೋಡಬೇಕು, ಒಬ್ಬರಿಗೊಬ್ಬರು ಕಲಿಸಬೇಕು ಎಂಬುದು ಅದರ ಸಾರ. ನಾನು ಕೇಳಿಸಿಕೊಂಡದ್ದು ಇಷ್ಟು. ಮಧ್ಯಾಹ್ನದ ಊಟ ಚೆನ್ನಾಗಿತ್ತು. ತರಬೇತಿ ಮುಗಿದ ಮೇಲೆ ಪ್ರಿನ್ಸಿಪಾಲರು ನಿಂಗರಾಜುವನ್ನು ಕರೆಸಿಕೊಂಡರು.

“ಸೆಮಿಸ್ಟರ್ ಕೊನೇಲಿ ಹೊರಗಡೆಯಿಂದ ಇಬ್ಬರು ಬಂದು ನಿಮ್ಮ ತರಗತಿ ನೋಡ್ತಾರೆ. ಅವತ್ತೂ ಹಳೇ ಥರಾನೇ ನಡೆದ್ರೆ ನಿಮ್ಮನ್ನ ಅಡ್ಮಿಷನ್ ವಿಭಾಗಕ್ಕೆ ಹಾಕ್ಬೇಕಾಗುತ್ತೆ.”

ಅಡ್ಮಿಷನ್ ವಿಭಾಗವೆಂದರೆ ಬಿಸಿಲಲ್ಲಿ ಪಿಯು ಕಾಲೇಜುಗಳ ಗೇಟಿನಲ್ಲಿ ನಿಂತು ಕರಪತ್ರ ಹಂಚುವ ಕೆಲಸ. ಒಮ್ಮೆ ಅಲ್ಲಿಗೆ ಹೋದವರು ಮತ್ತೆ ಬೋರ್ಡಿನ ಮುಂದೆ ನಿಂತದ್ದಿಲ್ಲ. ನಿಂಗರಾಜು ಸ್ಟಾಫ್ ರೂಮಿಗೆ ಬಂದು ಒಂದು ಚೊಂಬು ನೀರು ಕುಡಿದರು.

ಮರುದಿನ ಅವರು ಬೋರ್ಡಿನ ಮೇಲೊಂದು ಲೆಕ್ಕ ಬರೆದು, ಐದೈದು ಜನ ಕೂತು ಮಾಡಿ ಎಂದು ಹೇಳಿ, ಬಾಯಿ ಮುಚ್ಚಿ ನಿಂತರು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿದರು, ಒಮ್ಮೆ ಜೇಬಿಗೆ ಹಾಕಿದರು. ಮಕ್ಕಳು ಲೆಕ್ಕ ಬಿಟ್ಟು ಅವರ ಮುಖವನ್ನೇ ನೋಡಿದರು. ಗಂಟೆ ಹೊಡೆದ ಮೇಲೆ ಆರು ಜನ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಮುಂದೆ ಇದ್ದವನು ಹನೂರಿನ ಮಾದೇಶ್.

“ಸಾ, ನಮ್ದೇನಾರ ತೆಪ್ಪಾಯ್ತಾ ಸಾ?”

“ಇಲ್ವಲ್ಲ.”

“ಮತ್ಯಾಕ್ ಸಾ ಮಾತಾಡ್ನಿಲ್ಲ?”

“ನಾನು ಮಾತಾಡಿದ್ರೆ ನೀವು ಕಲಿಯಲ್ವಂತೆ ಕಣ್ಲಾ.”

ಮಾದೇಶ್ ಹಿಂದಿದ್ದ ಐವರನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದ. “ಎಲ್ಡ್ ಬೈದ್ಬುಡಿ ಸಾ. ಇಂಗ್ ಮನ್ಸಲ್ಲಿ ಮಡಿಕಬೇಡಿ.”

ವಾರ ಕಳೆಯುವುದರೊಳಗೆ ಗುಂಪುಗಳೇನೋ ಕುದುರಿದವು, ಆದರೆ ಬಸ್ಸಿನ ಪ್ರಕಾರ. ಹನೂರು ಬಸ್ಸಿನವರು ಒಂದು ಕಡೆ, ಯಳಂದೂರು ಬಸ್ಸಿನವರು ಇನ್ನೊಂದು ಕಡೆ. ಪ್ರತಿ ಗುಂಪಿನಲ್ಲೂ ಒಬ್ಬರು ಬರೆಯುತ್ತಿದ್ದರು, ನಾಲ್ವರು “ಬರಿ, ಬರಿ” ಎಂದು ಹುರಿದುಂಬಿಸುತ್ತಿದ್ದರು. ಯಳಂದೂರು ಕಡೆಯ ಒಂದು ಗುಂಪಿನಲ್ಲಿ ಬರೆಯುವ ಕೈ ಮಾಂಬಳ್ಳಿಯ ಸಿಂಧುವಿನದು. ಇಡೀ ಸೆಮಿಸ್ಟರಿನಲ್ಲಿ ಆ ಹುಡುಗಿಯ ಬಾಯಿಂದ ಹಾಜರಿಯ ಹೊರತು ಬೇರೆ ಮಾತು ಬಂದಿರಲಿಲ್ಲ.

ಟೀ ಅಂಗಡಿಯಲ್ಲಿ ನಿಂಗರಾಜು ನನ್ನನ್ನು ಕೇಳಿದರು. “ಮೊದ್ಲು ನಾನೊಬ್ಬ ಮಾಡ್ತಿದ್ದೆ, ಅರವತ್ತು ಜನ ನೋಡ್ತಿದ್ರು. ಈಗ ಹನ್ನೆರಡು ಜನ ಮಾಡ್ತಾರೆ, ನಲವತ್ತೆಂಟು ಜನ ನೋಡ್ತಾರೆ. ಇದು ಮುಂದ್ಕೋದಂಗಾ, ಹಿಂದ್ಕೋದಂಗಾ?”

“ಹನ್ನೆರಡು ಪಟ್ಟು ಮುಂದಕ್ಕೆ,” ಎಂದೆ. ಅವರು ನನ್ನ ಗಣಿತವನ್ನು ನಂಬಲಿಲ್ಲ.

ಕೊನೆಗೆ ಆ ದಿನ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು ಫಾರಂ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ನನ್ನ ಮಕ್ಕಳಿಗೆ ನೀವೇ ಮಾಡಿಕೊಳ್ಳಿ ಎಂದು ಲೆಕ್ಕ ಕೊಟ್ಟು ಬಂದು ಕಿಟಕಿಯ ಬಳಿ ನಿಂತೆ. ಅದೂ ಹೊಸ ವಿಧಾನವೇ.

ನಿಂಗರಾಜು ಬೋರ್ಡಿನ ಮೇಲೆ ಕಾಲುವೆ ಬರೆದು, ಅದರ ಮೇಲೆ ಒಂದು ತೆಂಗಿನ ದಿಮ್ಮಿ ಹಾಕಿದರು. ಹೊರೆ ಹೊತ್ತವರು ಈ ತುದಿಯಿಂದ ಆ ತುದಿಗೆ ದಾಟುವಾಗ ದಿಮ್ಮಿ ಮುರಿದರೆ ಎಲ್ಲಿ ಮುರಿಯುತ್ತದೆ? ಇಪ್ಪತ್ತೆರಡು ವರ್ಷದಿಂದ ಅವರು ಬರೆಸಿದ ಉತ್ತರ ಒಂದೇ, ನಟ್ಟನಡುವೆ.

ಮಾದೇಶ್ ಎದ್ದ. “ನಡೂಮದ್ಯಕ್ಕೆ ಸಾ.”

“ಅಲ್ಲ,” ಎಂದಿತು ಒಂದು ಧ್ವನಿ. ಸಿಂಧು. “ನಮ್ಮೂರ್ ಕಾಲ್ವೇಲಿ ನಡೂಕ್ ಮುರೀನಿಲ್ಲ ಸಾ. ಸಣ್ಣಕಿರೋ ಕಡೀಕ್ ಮುರೀತು. ನಮ್ಮವ್ವ ಉಲ್ಲೊರೆ ಒತ್ಕಂಡು ಬಿದ್ಲು, ನಾನೇ ನೋಡಿವ್ನಿ.”

“ಲೇ, ಪುಸ್ತಕದಲ್ಲಿ ನಡೂಕೆ ಅಂತದೆ,” ಎಂದ ಮಾದೇಶ್.

“ಪುಸ್ತಕದ್ ದಿಮ್ಮಿ ಎಲ್ಡ್ ಕಡೀಕೂ ಒಂದೇ ದಪ್ಪ ಕಣ್ಲಾ. ಅದ್ಯಾವ್ ಸೀಮೆ ತೆಂಗಿನ್ ಮರ? ಬುಡ ದಪ್ಪ, ತುದಿ ಸಣ್ಣ ಇರಾಕಿಲ್ವಾ?”

ಹನೂರು ಬಸ್ಸೂ ಯಳಂದೂರು ಬಸ್ಸೂ ಒಟ್ಟಿಗೆ ಎದ್ದು ನಿಂತವು. ಯಾರ ಊರಿನ ಮರ ಹೇಗೆ, ಯಾರ ಅಜ್ಜ ಎಲ್ಲಿ ಬಿದ್ದ ಎನ್ನುವವರೆಗೆ ಹೋಯಿತು ಜಗಳ. ಆಮೇಲೆ ಅರವತ್ತು ಮುಖಗಳೂ ನಿಂಗರಾಜು ಕಡೆ ತಿರುಗಿದವು.

“ನೀವೇಳಿ ಸಾ.”

ಅವರು ಬೋರ್ಡನ್ನು ನೋಡಿದರು, ಹಿಂದಿನ ಬೆಂಚನ್ನು ನೋಡಿದರು. ನಡುವೆ ಎಂದರೆ ಹಳೆಯ ಪಾಠವಾಯಿತು, ಸುಮ್ಮನಿದ್ದರೆ ಮೇಷ್ಟ್ರೇ ಇಲ್ಲದಂತಾಯಿತು.

“ನಂಗೊತ್ತಿಲ್ಲ,” ಎಂದರು. “ದಪ್ಪ ಕಡಿಮೆ ಆಗ್ತಾ ಹೋಗೋ ದಿಮ್ಮಿ ಲೆಕ್ಕ ನಾನು ಯಾವತ್ತೂ ಮಾಡಿಲ್ಲ. ಸಿಂಧು, ಬಾ ಇಲ್ಲಿ. ಮಾದೇಶ, ನೀನೂ ಬಾ. ಮಾಡಿ ನೋಡಾಣ.”

ಹಿಂದಿನ ಬೆಂಚಿನಲ್ಲಿ ಇಬ್ಬರೂ ಒಟ್ಟಿಗೆ ಏನೋ ಬರೆದರು. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಬೋರ್ಡು ತುಂಬಿ, ಅಳಿಸಿ, ಮತ್ತೆ ತುಂಬಿದ ಮೇಲೆ ಲೆಕ್ಕದಲ್ಲೂ ದಿಮ್ಮಿ ನಡುವಿನಿಂದ ಸಣ್ಣ ತುದಿಯ ಕಡೆಗೆ ಸರಿದು ಮುರಿಯಿತು.

“ಅಂಗಾರೆ ನಿಮ್ಮವ್ವ ಸರ್ಯಾಗೇ ಬಿದ್ದವ್ಳೆ,” ಎಂದ ಮಾದೇಶ್. ಸಿಂಧು ಅವನತ್ತ ಡಸ್ಟರ್ ಎಸೆದಳು.

ನಿಂಗರಾಜು ಮಾತ್ರ ಸ್ಟಾಫ್ ರೂಮಿಗೆ ಬಂದು ಕುರ್ಚಿ ಎಳೆದು ಕೂತರು. “ಮುಗೀತು ಕಣ್ರಿ. ಅವರ ಮುಂದೇನೇ ಗೊತ್ತಿಲ್ಲ ಅಂದ್ಬುಟ್ಟೆ.” ಸಮಾಧಾನ ಹೇಳಬೇಕಾದ ನಾನು ಹೌದೆಂದು ತಲೆಯಾಡಿಸಿದೆ.

ಹತ್ತು ದಿನದ ಮೇಲೆ ಪ್ರಿನ್ಸಿಪಾಲರ ಪತ್ರ ಬಂತು. ನಿಂಗರಾಜು ತರಗತಿಯಲ್ಲೇ ಮುಂದುವರಿಯತಕ್ಕದ್ದು, ರಜೆಯಲ್ಲಿ ಉಳಿದ ಅಧ್ಯಾಪಕರಿಗೆ ಈ ವಿಧಾನದಲ್ಲಿ ಎರಡು ದಿನ ತರಬೇತಿ ಕೊಡತಕ್ಕದ್ದು. ಅವರು ಅದನ್ನು ಮೂರು ಸಲ ಓದಿ ನನ್ನ ಕೈಗೆ ಕೊಟ್ಟರು.

“ತರಗತಿ ಉಳೀತು. ಅಷ್ಟು ಅರ್ಥವಾಯ್ತು. ಆದ್ರೆ ಅವತ್ತು ನಾನೇನ್ ಮಾಡ್ದೆ ಅಂತ ಇವ್ರಿಗೆ ಹೇಳ್ಕೊಡ್ಲಿ?”

ನಾನೂ ಮೂರು ಸಲ ಓದಿದೆ. ಅದರಲ್ಲೆಲ್ಲೂ ಬರೆದಿರಲಿಲ್ಲ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಬಾಗಿಲವರೆಗೆ ಹೋಗಿ ವಾಪಸ್ ಬಂದರು. “ಇವತ್ತು ಮಾತಾಡ್ಲೋ, ಬ್ಯಾಡ್ವೋ?”

“ಮಕ್ಕಳನ್ನೇ ಕೇಳಿ,” ಎಂದೆ, ಬೇರೇನೂ ತೋಚದೆ.

ನಿಂಗರಾಜು ಪೆನ್ನು ತೆಗೆದು, ತರಬೇತಿಗೆ ಬೇಕಾಗುತ್ತದೆಂದು, ನನ್ನ ಆ ಮಾತನ್ನೇ ಪತ್ರದ ಅಂಚಿನಲ್ಲಿ ಬರೆದುಕೊಂಡು ತರಗತಿಗೆ ಹೋದರು.