ಹಲಸಿನ ಮರದ ಕೆಳಗೆ ನಿಲ್ಲಿಸಿದ ಕಾರು

ತಿರುವನಂತಪುರದ ಪಟ್ಟಂನ ಆ ಕಚೇರಿಯ ಹಿಂದೆ ಕಾರು ನಿಲ್ಲಿಸುವಾಗ ನನ್ನ ಸಹೋದ್ಯೋಗಿ ‘ಮೇಲೆ ನೋಡಿ’ ಎಂದಳೋ ಇಲ್ಲವೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಹೇಳಿದ್ದೆ ಎಂದು ಅವಳು ಸಾಧಿಸುತ್ತಿದ್ದಳು. ನನ್ನ ಡೈರಿಯಲ್ಲಿ ಆ ದಿನಕ್ಕೆ ‘ಧಗೆ ವಿಪರೀತ, ಊಟ ಪರವಾಗಿಲ್ಲ’ ಎಂದಿದೆ, ಅಷ್ಟೆ. ಡೈರಿ ಬರೆಯುವವರು ಬೇಕಾದದ್ದನ್ನೇ ಬಿಡುತ್ತಾರೆ.

ನಾವಿಬ್ಬರೂ ಕೊಚ್ಚಿಯ ಒಂದು ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರುಗಳಾಗಿದ್ದೆವು. ಪ್ರಯೋಗಾಲಯಗಳ ಯಂತ್ರಗಳು ಕೆಟ್ಟಾಗ ಹೋಗಿ ಸರಿಮಾಡುವ ಕೆಲಸ. ಎರಡು ಸಾವಿರದ ದಶಕದ ನಡುವಿನ ಮಾತು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ನಾನು ಬಿಜಾಪುರದವನು, ಅವಳು ಕಾಸರಗೋಡಿನ ಕಡೆಯವಳು. ಹೊರಗಿನವರು ನಮ್ಮನ್ನು ಒಂದೇ ಊರಿನವರೆಂದು ತಿಳಿದಿದ್ದರು. ಆದರೆ ಅವಳಿಗೆ ಕೊಚ್ಚಿ ಹಿತ್ತಲಿದ್ದಂತೆ, ನನಗೆ ಪರದೇಶ. ಕ್ಯಾಂಟೀನಿನಲ್ಲಿ ಬಡಿಸುವ ಅಕ್ಕ, ಅಲ್ಲಿಯವರ ಮಾತಿನಲ್ಲಿ ಚೇಚಿ, ಅವಳ ತಟ್ಟೆಗೆ ಮೀನಿನ ನಡುತುಂಡು ಹಾಕುತ್ತಿದ್ದಳು, ನನ್ನದಕ್ಕೆ ಸಾಂಬಾರು ಸುರಿದು ಮುಂದಕ್ಕೆ ಹೋಗುತ್ತಿದ್ದಳು. ಮ್ಯಾನೇಜರು ಅವಳನ್ನು ಮಗಳೇ ಎಂಬಂತೆ ‘ಮೋಳೇ’ ಎಂದು ಕರೆಯುತ್ತಿದ್ದರು, ನನ್ನನ್ನು ‘ಏಯ್’ ಎಂಬಂತೆ ‘ಎಡೋ’ ಎಂದು. ಶುಕ್ರವಾರ ಸಂಜೆ ರೈಲು ಹತ್ತಿ ಮನೆಗೆ ಹೋದವಳು ಸೋಮವಾರ ತಾಯಿ ಕರಿದ ಚಿಪ್ಸು ಹಿಡಿದು ಬರುತ್ತಿದ್ದಳು. ನನ್ನ ಹೆಂಡತಿ ಬಾಣಂತನಕ್ಕೆ ಬಿಜಾಪುರಕ್ಕೆ ಹೋದವಳು ಅಲ್ಲೇ ಉಳಿದಿದ್ದಳು. ಮಗನನ್ನು ನಾನು ಒಂದೇ ಸಲ ನೋಡಿದ್ದೆ. ಸಹೋದ್ಯೋಗಿ ಕೊಟ್ಟ ಚಿಪ್ಸನ್ನು ತಿನ್ನುತ್ತಲೇ ನಾನು ಅವಳ ರೈಲನ್ನು ಶಪಿಸುತ್ತಿದ್ದೆ.

ಇಬ್ಬರಿಗೂ ಒಂದೇ ಬಣ್ಣದ ಕಾರು ಕೊಟ್ಟಿದ್ದರು. ಕಾರು ಕಂಪನಿಯದಲ್ಲ, ಬೇರೊಂದು ಸಂಸ್ಥೆಯಿಂದ ಲೀಸಿಗೆ ತಂದದ್ದು. ಅವಧಿ ಮುಗಿದ ಮೇಲೆ ಕೊಚ್ಚಿ ಪಕ್ಕದ ಆಲುವದಲ್ಲಿದ್ದ ಆ ಸಂಸ್ಥೆಯ ಯಾರ್ಡಿಗೆ ಒಪ್ಪಿಸಬೇಕು. ಅಲ್ಲಿ ಒಬ್ಬ ಸೀಮೆಸುಣ್ಣ ಹಿಡಿದು ಕಾರಿನ ಸುತ್ತ ನಡೆಯುತ್ತಾನೆ. ಗೀರು, ತಗ್ಗು ಎಲ್ಲಿ ಕಂಡರೂ ಒಂದು ಬಿಳಿ ಸುತ್ತು ಹಾಕುತ್ತಾನೆ. ಆ ಸುತ್ತುಗಳ ರಿಪೇರಿ ಖರ್ಚನ್ನು ಯಾರ್ಡು ಕಂಪನಿಯ ತಲೆಗೆ ಕಟ್ಟುತ್ತಿತ್ತು, ಕಂಪನಿ ಅದನ್ನು ಓಡಿಸಿದವರ ಸಂಬಳದಿಂದ ಕತ್ತರಿಸುತ್ತಿತ್ತು. ಮ್ಯಾನೇಜರು ಮನಸ್ಸು ಮಾಡಿದರೆ ಮಾತ್ರ ಮಾಫಿ.

ಆ ಬೇಸಿಗೆಯಲ್ಲಿ ತಿರುವನಂತಪುರದ ಒಬ್ಬ ಗಿರಾಕಿಯ ದೊಡ್ಡ ಯಂತ್ರ ಕೆಟ್ಟಿತು. ಅವಳ ಕಾರು ಗ್ಯಾರೇಜಿನಲ್ಲಿತ್ತು, ಹಾಗಾಗಿ ನನ್ನದರಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಬಲಗಾಲು ಗಟ್ಟಿಯಾಗಿ ಒತ್ತುತ್ತ ಕೂತಿದ್ದಳು, ಬ್ರೇಕು ಅವಳ ಕಡೆಗೂ ಇದ್ದಂತೆ. ಪಟ್ಟಂ ಮುಟ್ಟುವಾಗ ನೆತ್ತಿ ಸುಡುವ ಬಿಸಿಲು. ಕಚೇರಿಯ ಮುಂದೆ ಖಾಲಿ ಜಾಗ ಬೇಕಾದಷ್ಟಿತ್ತು. ನಾನು ಹಿಂದಕ್ಕೆ ತಿರುಗಿಸಿದೆ, ಅಲ್ಲಿ ಒಂದು ಭಾರಿ ಮರ, ಕೆಳಗೆ ಕಪ್ಪು ನೆರಳು.

“ಈ ಗಿಡದ ನೆಳ್ಳ ಛಲೋ ಐತ್ರಿ. ಇಲ್ಲೇ ನಿಂದರಸ್ತೀನಿ,” ಎಂದೆ.

“ಇಷ್ಟು ದೊಡ್ಡದಕ್ಕೆ ಗಿಡ ಹೇಳ್ತೀರಾ? ನಿಮ್ಮ ಬಿಜಾಪುರದಲ್ಲಿ ಮರ ಉಂಟಾ ಮಾರಾಯ್ರೇ, ಇಲ್ವಾ?”

ನನಗೆ ರೇಗಿತು. ಬಾಗಿಲು ದಢಾರನೆ ಹಾಕಿ ಒಳಗೆ ನಡೆದೆ. ಅವಳು ಮೇಲೆ ನೋಡಿ ಎಂದದ್ದಿದ್ದರೆ ಆಗಲೇ, ನನ್ನ ಬೆನ್ನಿಗೆ ಅಂದಿರಬೇಕು. ನಮ್ಮ ಕಡೆ ಗಾಡಿ ನಿಲ್ಲಿಸುವವನು ಕೆಳಗೆ ನೋಡುತ್ತಾನೆ, ನೆರಳು ಎಲ್ಲಿದೆ ಎಂದು. ನೆರಳಿನ ಮೂಲಕ್ಕೆ ಕತ್ತೆತ್ತಿ ನೋಡುವ ಅಗತ್ಯ ನನ್ನ ಮನೆತನದಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಯಂತ್ರದ ಮುಚ್ಚಳ ಬಿಚ್ಚಿ ಕೂತಿದ್ದಾಗ ಹೊರಗೆ ಧಡ್ ಎಂದಿತು. ವಾಚ್‌ಮನ್ ಓಡಿಬಂದು “ಸಾರೇ, ವಂಡಿ!” ಎಂದು ಕೂಗಿದ. ವಂಡಿ ನಮ್ಮ ಬಂಡಿಯೇ ಎಂದು ಅರಿತು ಓಡಿದೆ. ಕಾರಿನ ನೆತ್ತಿ ಬೋಗುಣಿಯಂತೆ ತಗ್ಗಾಗಿತ್ತು. ಅದರೊಳಗೆ ಒಂದು ಹಲಸಿನ ಹಣ್ಣು ಒಡೆದು ಬಾಯ್ಬಿಟ್ಟುಕೊಂಡು ಕೂತಿತ್ತು. ಮೇಲೆ ಕೊಂಬೆಯಲ್ಲಿ ಇನ್ನೂ ನಾಲ್ಕೈದು ತೂಗುತ್ತಿದ್ದವು.

ಕಚೇರಿಯವರು ನನ್ನ ಮುಖ ನೋಡಲಿಲ್ಲ, ಹಣ್ಣು ನೋಡಿದರು. ಯಾರೋ ಚಾಕು ತಂದರು, ಯಾರೋ ಕೈಗೆ ಸವರಿಕೊಳ್ಳಲು ತೆಂಗಿನೆಣ್ಣೆ. ಅವಳು ಎಣ್ಣೆ ಹಚ್ಚಿ ಅಂಟು ಬಿಡಿಸಿ, ಎಲ್ಲರಿಗೂ ಹಂಚತೊಡಗಿದಳು, ತನ್ನದೇ ಮನೆಯ ಮದುವೆಯೇನೋ ಎಂಬಂತೆ. ನನ್ನ ಕೈಗೂ ಇಟ್ಟಳು. ತಿಂದೆ. ಬಹಳ ಸಿಹಿಯಾಗಿತ್ತು, ಅದೂ ನನಗೆ ಸಿಟ್ಟೇ ತರಿಸಿತು.

ಮಳೆಗಾಲಕ್ಕೆ ಮುಂಚೆ ಲೀಸು ಮುಗಿಯಿತು. ಇಬ್ಬರೂ ಒಂದೇ ದಿನ ಆಲುವಕ್ಕೆ ಕಾರು ಒಯ್ದೆವು. ನನ್ನದರ ನೆತ್ತಿಗೆ ಬಿಳಿ ಸುತ್ತು ಬಿತ್ತು. ಅವಳದಕ್ಕೆ ಎಡಬದಿಯ ಎರಡೂ ಬಾಗಿಲು ಸೇರಿಸಿ ಇನ್ನೂ ದೊಡ್ಡದು. ಫೋರ್ಟ್ ಕೊಚ್ಚಿಯಲ್ಲಿ ವಾಹನ ದಾಟಿಸುವ ದೋಣಿಗೆ ಹತ್ತಿಸುವಾಗ ಕಬ್ಬಿಣದ ಕಟಕಟೆಗೆ ಉಜ್ಜಿಸಿದ್ದಳು. ನೋಡಿ ನನಗೆ ಎಷ್ಟು ಹಿತವಾಯಿತೆಂದರೆ, ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ.

ಕೆಲವು ದಿನಗಳಲ್ಲಿ ಅಕೌಂಟ್ಸಿನವರು ಒಂದು ಕಾಗದ ಮುಂದಿಟ್ಟರು. ಖರ್ಚನ್ನು ಸಂಬಳದಲ್ಲಿ ಕತ್ತರಿಸಲು ಒಪ್ಪಿದ್ದೇನೆ ಎಂದಿತ್ತು. ಓದಿ ಸಹಿ ಹಾಕಿದೆ. ಹಾಕುವಾಗ ನೆನಪಾದದ್ದು ಕೊಚ್ಚಿಯ ಕಲೂರಿನ ಮನೆ. ಎರಡು ಕೋಣೆಯ ಬಾಡಿಗೆ ಮನೆ ಗೊತ್ತುಮಾಡಿ, ಮುಂದಿನ ತಿಂಗಳು ಮುಂಗಡ ಕೊಡುತ್ತೇನೆಂದು ಹೇಳಿದ್ದೆ. ಮಗು ಮಗ್ಗಲು ಹೊರಳುವುದರೊಳಗೆ ಕರೆಸಿಕೊಳ್ಳುತ್ತೇನೆ ಎಂದು ಹೆಂಡತಿಗೂ ಹೇಳಿದ್ದೆ. ಈ ಕತ್ತರಿಯಿಂದ ಮುಂಗಡ ಹೋಯಿತು, ಮನೆ ಹೋಯಿತು. ಮಗ ಅಲ್ಲೇ ಹೊರಳಿ, ತೆವಳಿ, ನಡೆಯಬೇಕು. ಇಷ್ಟೆಲ್ಲ ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಮರ್ಯಾದಸ್ಥರು ಹಣದ ಮಾತಿಗೆ ಚೌಕಾಸಿ ಮಾಡುವುದಿಲ್ಲ ಎಂದುಕೊಂಡಿದ್ದೆನೋ, ಅಥವಾ ಭಯವಿತ್ತೋ. ಈಗ ಮರ್ಯಾದೆ ಎಂದು ಬರೆಯುವುದು ಸುಲಭ.

ಚಹಾದ ಹೊತ್ತಿಗೆ ಅವಳನ್ನು ಕೇಳಿದೆ. “ನಿಮಗ ಎಷ್ಟು ಕತ್ತರಿ ಹಾಕ್ಯಾರ್ರಿ?”

“ಎಂತದ್ದು? ನಂದು ಮಾಫಿ ಆಯ್ತಲ್ವಾ. ಮ್ಯಾನೇಜರ್ ಸಾರಿನ ಹತ್ರ ಹೋಗಿ ಜಗಳ ಮಾಡಿದೆ.”

ಲೋಟ ಕೆಳಗಿಟ್ಟೆ. ಎರಡು ಬಾಗಿಲು ಉದ್ದದ ಗೀರಿಗೆ ಏನೂ ಇಲ್ಲ, ನನ್ನ ಒಂದು ತಗ್ಗಿಗೆ ಮಗನ ಮುಖವೇ ಇಲ್ಲ. ‘ಮೋಳೇ’ ಎಂದ ಬಾಯಿ ಮಾಫಿ ಎನ್ನದೆ ಏನೆನ್ನುತ್ತದೆ? ಅವಳ ಕಾರಿನ ಮೇಲೆ ಇಡೀ ತೋಟದ ಹಲಸು ಉದುರಬೇಕಿತ್ತು ಅನ್ನಿಸಿತು.

“ನಾ ಸಹಿ ಹಾಕೇನ್ರಿ,” ಎಂದೆ.

“ಸಹಿ ಹಾಕಿದ್ರಾ! ಎಂತಕ್ಕೆ? ಆ ಕಾಗದ ಕೊಡುದು ಜಗಳ ಶುರು ಮಾಡ್ಲಿಕ್ಕೆ ಮಾರಾಯ್ರೇ, ಸಹಿ ಹಾಕ್ಲಿಕ್ಕಲ್ಲ. ಬನ್ನಿ.”

ಎಲ್ಲರ ಎದುರು ನನ್ನ ಅಂಗಿಯ ತೋಳು ಹಿಡಿದು ಮ್ಯಾನೇಜರ ಕೋಣೆಗೆ ಎಳೆದುಕೊಂಡು ಹೋದಳು. ಮುಂದಿನದೆಲ್ಲ ಮಲಯಾಳದಲ್ಲಿ ನಡೆಯಿತು. ನನಗೆ ಅರ್ಧ ತಿಳಿಯಿತು, ಉಳಿದರ್ಧ ಆಮೇಲೆ ಅವಳೇ ಹೇಳಿದ್ದು. ಹೇಳುವಾಗ ಒಗ್ಗರಣೆ ಹಾಕಿರಲೂಬಹುದು.

“ಇವರದ್ದು ಕಂಪನಿ ಕೆಲಸದಲ್ಲೇ ಆದದ್ದು ಸಾರ್. ನನಗೆ ಬಿಟ್ಟ ಹಾಗೆ ಇವರಿಗೂ ಬಿಡಬೇಕು.”

“ಹಲಸಿನ ಕೆಳಗೆ ನಿಲ್ಲಿಸು ಅಂತ ಕಂಪನಿ ಹೇಳಿತಾ ಮೋಳೇ? ಮೇ ತಿಂಗಳಲ್ಲಿ ಅಲ್ಲಿ ನಾಯಿ ಕೂಡ ಮಲಗುವುದಿಲ್ಲ.”

“ಇವರ ಊರಿನಲ್ಲಿ ಹಲಸೇ ಇಲ್ಲ ಸಾರ್. ಇರುವುದು ಬಿಸಿಲು, ಜೋಳ. ನೆರಳು ಕಂಡರೆ ಓಡಿಹೋಗಿ ನಿಲ್ಲುವ ಜನ, ಪಾಪ.”

ಮ್ಯಾನೇಜರು ನನ್ನ ಕಡೆ ತಿರುಗಿದರು. “ಎಡೋ, ಆ ಚಕ್ಕ ತಿಂದೆಯಾ?”

ಚಕ್ಕ ಎಂದರೆ ಹಲಸು ಎಂಬುದು ನನಗೆ ಗೊತ್ತಿತ್ತು. ತಿಂದೆ ಎಂದು ತಲೆಯಾಡಿಸಿದೆ.

“ನೋಡು! ಹಣ್ಣು ಇವನ ಹೊಟ್ಟೆಗೆ, ಖರ್ಚು ಕಂಪನಿಗೆ!”

“ನಾನೂ ತಿಂದಿದ್ದೇನೆ ಸಾರ್, ಅಲ್ಲಿಯ ಇಡೀ ಆಫೀಸು ತಿಂದಿದೆ. ಎಲ್ಲರಿಗೂ ಕತ್ತರಿಸಿ. ಗಿರಾಕಿಗೂ ಬಿಲ್ ಕಳಿಸಿ, ತೊಳೆಗೆ ಇಷ್ಟು ಅಂತ.”

“ಸಹಿ ಹಾಕಿದ್ದಾನಲ್ಲ?”

“ಅದು ಇವರಿಗೊಂದು ಕಾಯಿಲೆ ಸಾರ್.”

ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಕೌಂಟ್ಸಿಗೆ ಫೋನು ಮಾಡಿ, ಆ ಕಾಗದ ಹರಿದುಹಾಕಲು ಹೇಳಿದರು. ನಾವು ಹೊರಬಂದಾಗ ಚಹಾ ಇನ್ನೂ ಬೆಚ್ಚಗಿತ್ತು.

ನಾನು ಕೃತಜ್ಞತೆ ಹೇಳಿದೆನೇ? ಹೇಳಿರಬೇಕು. ನೆನಪಿರುವುದು ಬೇರೆ: ಅವಳು ತನ್ನ ಲೋಟ ಎತ್ತಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಇನ್ನಾವುದೋ ಹರಟೆಗೆ ಮರಳಿದ್ದು. ನನ್ನ ಸಂಸಾರವನ್ನು ಎರಡು ಗುಟುಕಿನ ನಡುವೆ ಉಳಿಸಿಕೊಟ್ಟಿದ್ದಳು. ಅವಳಿಗೆ ಕಷ್ಟವಾಗಿದ್ದರೆ ನನ್ನ ಹೊಟ್ಟೆಕಿಚ್ಚು ಸ್ವಲ್ಪ ಇಳಿಯುತ್ತಿತ್ತೇನೋ.

ಕಲೂರಿನ ಮನೆ ಸಿಕ್ಕಿತು. ಹೆಂಡತಿ, ಮಗ ಬಂದರು. ಕತ್ತರಿ ಮಾಫಿಯಾಯಿತು ಎಂದಷ್ಟೇ ಹೆಂಡತಿಗೆ ಫೋನಿನಲ್ಲಿ ಹೇಳಿದ್ದೆ. ‘ನೀವ ಜಗಳಾಡಿದ್ರಿ?’ ಎಂದು ಅವಳು ಕೇಳಿದ್ದಕ್ಕೆ ನಾನು ಏನಂದೆನೋ, ಲೈನು ಸರಿಯಿರಲಿಲ್ಲ.

ಸಹೋದ್ಯೋಗಿ ಊರಿಗೆ ಹೋಗದ ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದೆವು. ಹಲಸಿನ ಚಿಪ್ಸು ಹಿಡಿದು ಬಂದಳು. ಯಾರ ಹತ್ತಿರವೂ ಹೋಗದ ನನ್ನ ಮಗ ಅವಳ ಭುಜಕ್ಕೆ ತಲೆಯಿಟ್ಟ. ಹೆಂಡತಿ ರೊಟ್ಟಿ ಬಡಿಸುತ್ತ ಹೆಮ್ಮೆಯಿಂದ ಕೇಳಿದಳು:

“ನಮ್ಮವ್ರು ಮಲಯಾಳದಾಗ ಜಗಳಾ ತಗದು ರೊಕ್ಕಾ ಉಳಿಸಿದ್ರಂತ. ಖರೇ ಏನ್ರಿ?”

ಅವಳು ನನ್ನ ಮುಖ ನೋಡಿದಳು. ನಾನು ಚಟ್ನಿ ನೋಡಿದೆ.

“ಅಯ್ಯೋ ಹೌದು ಅಕ್ಕಾ! ಎಂತ ಜಗಳ! ನಾನು ಬಾಗಿಲಲ್ಲಿ ನಿಂತು ನೋಡಿದ್ದು. ಸಾರಿಗೆ ನೀರು ಕುಡಿಸಿಬಿಟ್ರು.”

ಸುಳ್ಳನ್ನೂ ಅವಳು ನನಗಿಂತ ಚೆನ್ನಾಗಿ ಹೇಳಿದಳು.

ಬೀಳ್ಕೊಡಲು ಕೆಳಗೆ ಇಳಿದೆ. ನಮ್ಮ ಹೊಸ ಲೀಸಿನ ಕಾರುಗಳು ರಸ್ತೆಯಲ್ಲಿದ್ದವು. ಅವಳದು ಸುಡುವ ಬಿಸಿಲಿನಲ್ಲಿ, ನನ್ನದು ಕಾಂಪೌಂಡಿನ ತೆಂಗಿನ ಮರದ ಕೆಳಗೆ. ಅವಳು ಹತ್ತುವ ಮುಂಚೆ ನನ್ನ ಕಾರು ನೋಡಿದಳು, ಕತ್ತೆತ್ತಿ ಮೇಲೆ ನೋಡಿದಳು. ಈ ಸಲ ಏನೂ ಹೇಳಲಿಲ್ಲ, ಇದು ಖಾತ್ರಿ. ಅವಳು ತಿರುವು ದಾಟುವವರೆಗೆ ಕೈಬೀಸುತ್ತ ನಿಂತಿದ್ದು, ಆಮೇಲೆ ಕಾರಿನ ಕೀಲಿಕೈ ತರಲು ಮೇಲಕ್ಕೆ ಓಡಿದೆ.