ಮುಂಬಯಿಗೆ ಮಾತ್ರ

ಮೋನಪ್ಪಣ್ಣ ಕರಾಚಿಯಲ್ಲಿ ತೀರಿಕೊಂಡ ಸುದ್ದಿ ಕಳೆದ ಚಳಿಗಾಲದಲ್ಲಿ ನನಗೆ ತಲುಪಿತು. ಅವನು ಅಡುಗೆಗಿದ್ದ ಪಾರ್ಸಿ ಮನೆಯವರು ಒಂದು ಕಾರ್ಡು ಬರೆದಿದ್ದರು. ವಡಾಲದ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಅಳುವುದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಓದಿ ಜೇಬಿಗೆ ಹಾಕಿಕೊಂಡೆ. ಆದರೆ ಅವತ್ತು ಇಡೀ ದಿನ ಗಿರಾಕಿಗಳ ಮೇಲೆ ಹರಿಹಾಯ್ದೆ. ಚಿಲ್ಲರೆ ಕೇಳಿದವರಿಗೂ ಬೈದೆ.

ಅವನೂ ನಾನೂ ಕಟಪಾಡಿ ಕಡೆಯ ಒಂದೇ ಊರಿನವರು. ನನಗಿಂತ ಬಹಳ ದೊಡ್ಡವನು. ಅಣ್ಣ ಎಂದು ಕರೆದರೂ ಏಕವಚನದಲ್ಲೇ ಮಾತಾಡಿ ರೂಢಿ, ಬರೆಯುವಾಗಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಬಟ್ಟಲು ತೊಳೆದು, ದೋಸೆ ಹುಯ್ದು, ಕೊನೆಗೆ ಒಬ್ಬ ಪಾರ್ಸಿ ಸಾಹೇಬರ ಮನೆಯ ಅಡುಗೆಯವನಾಗಿ ಅವರ ಜೊತೆ ಕರಾಚಿಗೆ ಹೋದ. ಕರಾಚಿ ಆಗ ಪರದೇಶವಲ್ಲ. ಮುಂಬಯಿಯಲ್ಲಿ ಹಡಗು ಹತ್ತಿ, ವಾಂತಿ ಮಾಡಿಕೊಂಡು, ಸುಧಾರಿಸಿಕೊಂಡು ಎದ್ದು ಕೂರುವಷ್ಟರಲ್ಲಿ ಬಂದೇ ಬಿಡುತ್ತಿತ್ತು.

ದೇಶ ಎರಡಾದಾಗ ಸಾಹೇಬರು ಅಲ್ಲೇ ಉಳಿದರು. ಇವನೂ ಉಳಿದ. ಮದುವೆ ಮಾಡಿಕೊಂಡವನಲ್ಲ. ಆ ಮನೆಯ ಅಡುಗೆಕೋಣೆಯೇ ಅವನ ಸಂಸಾರ. ಐವತ್ತೆರಡರಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟು, ವೀಸಾ ಎಂದು ಶುರುವಾಯಿತು. ಅದೇ ವರ್ಷ ಇಲ್ಲಿ ಅವನ ತಂಗಿ ವಸಂತಿಯಕ್ಕನ ಗಂಡ ಸತ್ತ. ತಂಗಿಯನ್ನು ನೋಡಲೇಬೇಕೆಂದು ಇವನು ಹಟ ಹಿಡಿದಾಗ ಸಾಹೇಬರ ಗುಮಾಸ್ತ ಒಂದು ಕಡೆ ಸಹಿ ಹಾಕಿಸಿ ಪಾಸ್‌ಪೋರ್ಟು ತರಿಸಿಕೊಟ್ಟ. ಮೋನಪ್ಪಣ್ಣ ಅದನ್ನು ಹಡಗಿನ ಟಿಕೇಟಿನ ಹಾಗೆ ಏನೋ ಒಂದು ಎಂದುಕೊಂಡಿದ್ದ. ಅದು ಕೈಗೆ ಬಂದ ದಿನದಿಂದ ತಾನು ಪಾಕಿಸ್ತಾನದ ಪ್ರಜೆ ಎಂಬುದು ಯಾರೋ ತಿಳಿಸಿ ಹೇಳಿದ ಮೇಲೆ ಗೊತ್ತಾಯಿತು. ವೀಸಾ ಆ ಸಲ ಸಿಗಲೂ ಇಲ್ಲ.

ವಸಂತಿಯಕ್ಕ ಗೋರೆಗಾಂವಿನ ಒಂದು ಚಾಳಿನಲ್ಲಿ ಹಪ್ಪಳ ಲಟ್ಟಿಸಿ ಮಾರಿ ಮಗಳು ಸೇವಂತಿಯನ್ನು ದೊಡ್ಡವಳನ್ನಾಗಿ ಮಾಡಿದಳು. ಐವತ್ತೈದರ ಬೇಸಿಗೆಯಲ್ಲಿ ಸೇವಂತಿಗೆ ಮದುವೆ ಗೊತ್ತಾಯಿತು. ಹುಡುಗ ಕಲ್ಯಾಣದವನು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ನಾವು ಅಳಿಯಸಂತಾನದವರು. ನಮ್ಮಲ್ಲಿ ತಂಗಿಯ ಮಕ್ಕಳಿಗೆ ಮಾವನೇ ಹಿರಿಯ, ಅದರಲ್ಲೂ ತಂದೆಯಿಲ್ಲದ ಹುಡುಗಿಗೆ. ಮಂಟಪಕ್ಕೆ ಕೈಹಿಡಿದು ಕರೆತರುವವನು ಅವನು, ಧಾರೆಯ ನೀರು ಎರೆಯುವವನೂ ಅವನೇ. ಆದ್ದರಿಂದ ಮದುವೆಯ ದಿನ ಗೊತ್ತಾದ ಕೂಡಲೇ ಮೋನಪ್ಪಣ್ಣ ಮತ್ತೆ ಅರ್ಜಿ ಹಾಕಿದ. ಈ ಸಲ ವೀಸಾ ಸಿಕ್ಕಿತು.

ಎಡವಟ್ಟು ಆದದ್ದು ಅಲ್ಲೇ. ಯಾವ ಊರಿಗೆ ಎಂದು ಕೇಳಿದ್ದಾರೆ, ಇವನು ಮುಂಬಯಿ ಎಂದಿದ್ದಾನೆ. ನಮ್ಮ ಜನ ಯಾರೇ ಆದರೂ ಹಾಗೇ ಹೇಳುತ್ತಿದ್ದರು. ಊರಿನಲ್ಲಿ ಹೋಗಿ ಕೇಳಿ, ಕುರ್ಲಾದಲ್ಲಿದ್ದವನೂ ಮುಂಬಯಿಯಲ್ಲಿದ್ದಾನೆ, ವಿರಾರಿನಲ್ಲಿದ್ದವನೂ ಮುಂಬಯಿಯಲ್ಲಿದ್ದಾನೆ. ಲೋಕಲ್ ಹೋಗುವಷ್ಟು ದೂರವೂ ನಮಗೆ ಮುಂಬಯಿಯೇ. ಸರ್ಕಾರದ ಮುಂಬಯಿ ಬೇರೆ ಇತ್ತು. ಆಗ ಅದು ಜೋಗೇಶ್ವರಿಗೆ ಮುಗಿಯುತ್ತಿತ್ತು. ಗೋರೆಗಾಂವ್ ಅದರ ಮುಂದಿನ ಸ್ಟೇಷನ್.

ಪಾಕಿಸ್ತಾನದಿಂದ ಬಂದವರು ಒಂದು ದಿನದೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ಹಡಗಿನಿಂದ ಇಳಿದವನನ್ನು ನಾನೇ ನೋಂದಣಿ ಕಚೇರಿಗೆ ಕರೆದುಕೊಂಡು ಹೋದೆ. ಉಳಿಯುವ ವಿಳಾಸ ಗೋರೆಗಾಂವ್ ಎಂದಾಗ ಅಲ್ಲಿದ್ದ ಮರಾಠಿ ಅಧಿಕಾರಿ ತಲೆ ಎತ್ತಿದರು. ಒರಟು ಮನುಷ್ಯನಲ್ಲ. ಮೋನಪ್ಪಣ್ಣನಿಗೆ ಕುರ್ಚಿ ಕೊಟ್ಟು ಕೂರಿಸಿ, ವೀಸಾ ಮುಂಬಯಿಗೆ ಮಾತ್ರ, ಗೋರೆಗಾಂವ್ ನಗರದ ಹೊರಗೆ, ಅಲ್ಲಿ ಕಾಲಿಟ್ಟರೆ ಹಿಡಿಯಬೇಕಾಗುತ್ತದೆ, ಮತ್ತೆ ಈ ದೇಶಕ್ಕೆ ಬರುವ ಆಸೆ ಬಿಡಬೇಕಾಗುತ್ತದೆ ಎಂದು ಸಮಾಧಾನದಿಂದಲೇ ಹೇಳಿದರು. ನಾನು ರೇಗಿದೆ. ಒಂದು ಸ್ಟೇಷನ್ನಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಗಡಿ ಎಂದ ಮೇಲೆ ಎಲ್ಲೋ ಒಂದು ಕಡೆ ಇರಲೇಬೇಕಲ್ಲ ಎಂದರು ಅವರು. ಗೋರೆಗಾಂವಿಗೆ ಹೋಗಲು ಬೇರೆ ಪರವಾನಗಿ ಬೇಕು, ಅರ್ಜಿ ಮೇಲಿನವರಿಗೆ ಹೋಗಿ ಬರಬೇಕು, ಮದುವೆಯೊಳಗೆ ಬರುತ್ತದೆಂದು ಹೇಳಲಾರೆ ಎಂದರು. ಅರ್ಜಿ ಬರೆದುಕೊಟ್ಟೆವು. ಅಲ್ಲಿಯವರೆಗೆ ವಿಳಾಸ ವಡಾಲದ ನನ್ನ ಖೋಲಿ ಎಂದಾಯಿತು, ಜವಾಬ್ದಾರಿಗೆ ನನ್ನ ಹೆಸರು.

ಹಾಗಾದರೆ ಮದುವೆಯನ್ನೇ ಜೋಗೇಶ್ವರಿಯ ಈಚೆಗೆ ತರುವುದು ಎಂದು ಹೊರಟೆ. ವಿಲೆ ಪಾರ್ಲೆಯಲ್ಲಿ ಪರಿಚಯದವರ ಒಂದು ಹಾಲ್ ಸಿಗುವ ಹಾಗಿತ್ತು. ಆದರೆ ಗೋರೆಗಾಂವಿನ ಚಾಳಿನ ಅಂಗಳದಲ್ಲಿ ಆಗಲೇ ಮುಹೂರ್ತ ನೋಡಿ ಚಪ್ಪರದ ಮೊದಲ ಕಂಬ ನೆಟ್ಟಾಗಿತ್ತು. ನೆಟ್ಟ ಕಂಬವನ್ನು ಕೀಳಬಾರದು, ಅದರಡಿಯಲ್ಲೇ ಧಾರೆಯಾಗಬೇಕು. ಇಲ್ಲದಿದ್ದರೆ ದಂಪತಿಗೆ ಒಳ್ಳೆಯದಲ್ಲ ಎಂದು ಹುಡುಗನ ಕಡೆಯ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟರು. ನಾನು ಗೊಣಗಿದೆ. ಕೇಳುವವರು ಯಾರು? ಪೊಲೀಸರದು ಒಂದು ಗಡಿ, ಇವರದು ಇನ್ನೊಂದು. ನಡುವೆ ಸಿಕ್ಕಿಬಿದ್ದವನು ಮೋನಪ್ಪಣ್ಣ.

ಅವನು ನನ್ನ ಖೋಲಿಯಲ್ಲಿ ಕೂತು ಕಾದ. ಸುಮ್ಮನೆ ಕೂರಲು ಬಾರದ ಮನುಷ್ಯ. ಹೋಟೆಲಿನ ಅಡುಗೆಕೋಣೆಗೆ ಹೋಗಿ ತೆಂಗಿನಕಾಯಿ ತುರಿದುಕೊಡುತ್ತಿದ್ದ, ಸಾಂಬಾರಿಗೆ ಏನು ಕಡಿಮೆಯೆಂದು ನಮ್ಮ ಭಟ್ಟರಿಗೆ ಹೇಳಿ ಅವರ ಕೋಪಕ್ಕೆ ಗುರಿಯಾಗುತ್ತಿದ್ದ. ವಸಂತಿಯಕ್ಕ ಒಮ್ಮೆ ಬಂದು ನೋಡಿಕೊಂಡು ಹೋದಳು. ಎಷ್ಟೋ ವರ್ಷಗಳ ಮೇಲೆ ನೋಡಿದ ಅಣ್ಣನ ಎದುರು ಮದುವೆಗೆ ಕೊಂಡ ಅಕ್ಕಿಬೇಳೆಯ ಮಾತನ್ನೇ ಆಡಿ ಎದ್ದಳು. ಸೇವಂತಿಗೆ ಅರಿಶಿನ ಹಚ್ಚಿಯಾಗಿದ್ದರಿಂದ ಅವಳು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಮಾವನ ನೆನಪು ಅವಳಿಗೆ ಫೋಟೋದಲ್ಲಿ ಕಂಡಷ್ಟೇ.

ಪರವಾನಗಿ ಬರಲಿಲ್ಲ. ಮದುವೆಯ ಹಿಂದಿನ ದಿನ ನಾನು ಚಪ್ಪರದ ಕೆಲಸಕ್ಕೆ ಗೋರೆಗಾಂವಿಗೆ ಹೋದಾಗ ವಸಂತಿಯಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. ನಾವು ಆಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಹೀಗಾಗುತ್ತದೆ:

“ಅಣ್ಣನಿಗೆ ಬರುವುದು ಬೇಡ ಅಂತ ಹೇಳು ಚೆನ್ನಯ. ಎಲ್ಲಿಯಾದ್ರೂ ಹಿಡಿದ್ರೆ ಮತ್ತೆ ಅವನ ಮುಖ ನೋಡ್ಲಿಕ್ಕೆ ನನಗೆ ಸಿಗ್ಲಿಕ್ಕಿಲ್ಲ. ಧಾರೆ ಯಾರಾದ್ರೂ ಎರೆದಾರು.”

ನಾನು ಅದನ್ನು ಇದ್ದ ಹಾಗೆ ಬಂದು ಹೇಳಿದೆ. ಲೋಕಲಿನ ಗರ್ದಿಯಲ್ಲಿ ಪಾಸ್‌ಪೋರ್ಟು ಕೇಳುವವರು ಯಾರೂ ಇಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಾಗೆಂದು ನಾನು ಬಾಯಿಬಿಟ್ಟು ಹೇಳಿದೆ ಕೂಡ. ಅವನು ನನ್ನ ಖೋಲಿಯ ಗೋಡೆಯನ್ನೊಮ್ಮೆ ನೋಡಿ, ಕಾಗದದಲ್ಲಿ ಇರುವುದು ನಿನ್ನ ಹೆಸರು, ನನ್ನದೇನು ನಾನು ಹಡಗು ಹತ್ತುತ್ತೇನೆ, ಅವರು ಬಂದು ಹಿಡಿಯುವುದು ನಿನ್ನನ್ನು ಎಂದ. ಅವಳೂ ಬೇಡ ಎಂದಿದ್ದಾಳಲ್ಲ ಎಂದು ಸೇರಿಸಿದ.

ಮದುವೆಗೆ ನಾನು ಹೋದೆ. ಮುಹೂರ್ತ ಮಧ್ಯಾಹ್ನಕ್ಕೆ. ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿದ್ದರು, ಚಾಳಿನ ಮರಾಠಿ ಹೆಂಗಸರೆಲ್ಲ ಸೀರೆಯುಟ್ಟು ಬಂದು ಕೂತಿದ್ದರು. ಸೇವಂತಿಯನ್ನು ಕರೆತರುವ ಹೊತ್ತಾಯಿತು. ಧಾರೆಯ ಗಿಂಡಿ ಹಿಡಿದುಕೊಂಡು ವಸಂತಿಯಕ್ಕ ಬಾಗಿಲಲ್ಲಿ ನಿಂತಿದ್ದಳು. ಪುರೋಹಿತರು ಕರೆದರೆ, ಇರಿ ಇರಿ ಎನ್ನುತ್ತಿದ್ದಳು. ಯಾಕೆ ಇರಬೇಕೆಂದು ಯಾರಿಗೂ ಹೇಳಲಿಲ್ಲ. ಅವಳ ಕಣ್ಣು ಸ್ಟೇಷನ್ನಿನಿಂದ ಬರುವ ಓಣಿಯ ಮೇಲಿತ್ತು. ಬರಬೇಡ ಎಂದು ಹೇಳಿ ಕಳಿಸಿದವಳು ಬರುತ್ತಾನೆಂದು ಕಾಯುತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಆ ಹೊತ್ತಿಗೆ ವಡಾಲಕ್ಕೆ ಹೋಗಿ ಅವನನ್ನು ಕರೆತರುವುದು ಸಾಧ್ಯವಿರಲಿಲ್ಲ.

ಪುರೋಹಿತರು ಗದರಿದ ಮೇಲೆ ಅವಳು ಗಿಂಡಿಯನ್ನು ಕೊರಗಪ್ಪ ಎಂಬವರ ಕೈಗೆ ಕೊಟ್ಟಳು. ಅದೇ ಬಳಿಯವರು, ಎಂದರೆ ಒಂದೇ ಕುಲದವರು, ದೂರದಿಂದ ಮಾವ ಆಗಬೇಕು, ಹಡಗುಕಟ್ಟೆಯ ಗೋದಿಯಲ್ಲಿ ಕೆಲಸ. ಸೇವಂತಿಯ ಹೆಸರನ್ನೇ ಅವರು ಇನ್ನೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ನಾನು ನೋಡಿದೆ. ಅವರು ಧಾರೆ ಎರೆದರು. ವಾಲಗ ಊದಿತು. ವಸಂತಿಯಕ್ಕ ಒಳಗೆ ಹೋಗಿ ಊಟದ ವ್ಯವಸ್ಥೆಗೆ ನಿಂತಳು.

ಸಂಜೆ ನಾನು ವಡಾಲಕ್ಕೆ ಬಂದಾಗ ಮೋನಪ್ಪಣ್ಣ ಕರಾಚಿಯಲ್ಲಿ ಹೊಲಿಸಿ ತಂದ ಹೊಸ ಅಂಗಿಯಲ್ಲೇ ಮಲಗಿದ್ದ. ಪಂಚೆಗೂ ಇಸ್ತ್ರಿ ಮಾಡಿಸಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ದಾದರಿನಲ್ಲಿ ಲೋಕಲ್ ಹತ್ತಿ ಜೋಗೇಶ್ವರಿಯಲ್ಲಿ ಇಳಿದನಂತೆ. ಅಲ್ಲಿಯವರೆಗೆ ತಪ್ಪಿಲ್ಲವಲ್ಲ ಎಂದ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಹೂರ್ತದ ಹೊತ್ತಿನವರೆಗೂ ಕೂತಿದ್ದನಂತೆ. ಗೋರೆಗಾಂವಿಗೆ ಹೋಗುವ ಗಾಡಿಗಳು ಒಂದರ ಹಿಂದೆ ಒಂದು ಬಂದುವಂತೆ. ಪ್ರತಿ ಗಾಡಿಗೂ ಎದ್ದು ನಿಂತು ಮತ್ತೆ ಕೂತನಂತೆ. ಹೊತ್ತು ಮೀರಿದ ಮೇಲೆ ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ವಾಪಸು ಬಂದನಂತೆ. ಇಷ್ಟನ್ನು ಹೇಳಿ ಗೋಡೆಯ ಕಡೆಗೆ ಹೊರಳಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು.

ಗೋರೆಗಾಂವಿನ ಪರವಾನಗಿ ಮದುವೆಯಾಗಿ ಸ್ವಲ್ಪ ದಿನಕ್ಕೆ ಬಂತು. ಅಷ್ಟರಲ್ಲಿ ಸೇವಂತಿ ಕಲ್ಯಾಣಕ್ಕೆ ಗಂಡನ ಮನೆ ಸೇರಿದ್ದಳು. ಕಲ್ಯಾಣ ಆ ಪರವಾನಗಿಯಲ್ಲಿ ಇರಲಿಲ್ಲ. ವೀಸಾದ ಅವಧಿಯೂ ಮುಗಿಯುತ್ತಾ ಬಂದಿತ್ತು. ಮೋನಪ್ಪಣ್ಣ ಅದೇ ಹೊಸ ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟ. ಈಗ ಗೋರೆಗಾಂವ್ ಮುಂಬಯಿಗೆ ಸೇರಿದೆ, ಐವತ್ತೇಳರಲ್ಲಿ ಸೇರಿಸಿಕೊಂಡರು. ಪೇಪರಿನಲ್ಲಿ ಅದನ್ನು ಓದಿದ ದಿನ ನಾನು ಉಂಡಿಲ್ಲ. ಪರವಾನಗಿ ಹಿಡಿದು ಹೊರಟ ಆ ದಿನ ಜೋಗೇಶ್ವರಿ ದಾಟುವಾಗ ಮೋನಪ್ಪಣ್ಣ ಕಿಟಕಿಯಿಂದ ಆ ಬೆಂಚನ್ನು ನನಗೆ ತೋರಿಸಿದ.

ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದರು. ವಸಂತಿಯಕ್ಕ ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ನೆಂಟರಿಗೆ ಬಡಿಸುವ ಹಾಗೆ ಎಲೆ ಹಾಕಿ ಬಡಿಸಿದಳು. ಇನ್ನಷ್ಟು ಹಾಕಲಾ, ಸಾಕಾ ಎಂದು ಕೇಳುವುದನ್ನು ಬಿಟ್ಟರೆ ಬೇರೆ ಮಾತಿಲ್ಲ. ಅವನಿಗೆ ತಡೆಯಲಾಗಲಿಲ್ಲ. ನೀನೇ ಬೇಡ ಅಂದಿಯಲ್ಲ ವಸಂತಿ ಎಂದ.

“ಬೇಡ ಅಂತ ನಾನು ಹೇಳದೆ ಮತ್ತೆ ಯಾರು ಹೇಳ್ಬೇಕು?” ಎಂದಳು. “ನಾನು ಹೇಳಿದ್ದನ್ನು ನೀನು ಕೇಳ್ಬಾರ್ದಿತ್ತು.”

ಅವನ ಪರವಾಗಿ ಏನಾದರೂ ಹೇಳಬೇಕೆನ್ನಿಸಿ ನಾನು ಮಧ್ಯೆ ಬಾಯಿ ಹಾಕಿದೆ. ಧಾರೆಯ ದಿನ ಅಣ್ಣ ಜೋಗೇಶ್ವರಿಯವರೆಗೆ ಬಂದು ಕೂತಿದ್ದ ಅಕ್ಕ ಎಂದೆ. ವಸಂತಿಯಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಅವನನ್ನು ನೋಡುತ್ತಾ ಹಾಗೇ ಎಲೆಯ ಮುಂದೆ ಕೂತುಬಿಟ್ಟಳು.

“ಕರಾಚಿಯಿಂದ ಜೋಗೇಶ್ವರಿಗೆ ಬಂದವನಿಗೆ ಇನ್ನು ಒಂದು ಸ್ಟೇಷನ್ ಬರ್ಲಿಕ್ಕೆ ಆಗ್ಲಿಲ್ಲವಾ ಅಣ್ಣ?”

ಮೋನಪ್ಪಣ್ಣ ಎಲೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಾ ಕೂತ. ಅವಳು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಊಟ ಬಿಡಬೇಡ ಎಂದು ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು.